ಆಟಿಯಲ್ಲಿ ಪೆಟ್ಟಿಗೆ, ನವರಾತ್ರಿ ಕಳೆದು ಆಮೆಮರಿ

ಬದಿಯಡ್ಕ

ಚಿ. ಅನಘಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಕ್ಷೇಮ. ಆಮೆಮರಿ ಸಾಕಬೇಕೆಂದು ಬರೆದಿದ್ದೆಯಲ್ಲ, ಅದಕ್ಕೆ ನನ್ನ ಅಡ್ಡಿ ಏನೂ ಇಲ್ಲ. ಬರುವ ತಿಂಗಳೇ ತರುತ್ತೇನೆ ಎಂದದ್ದು ಮಾತ್ರ ಬೇಡ. ಮಳೆ ಹಿಡಿಯುವ ಮೊದಲು ಅದು ಇರಲು ಪೆಟ್ಟಿಗೆ ಮಾಡಿಸು. ಆಟಿ ತಿಂಗಳು (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ) ಇಡೀ ಹೀಟರ್, ಬೆಳಕು ಹಾಕಿ ಅದನ್ನು ಖಾಲಿಯಾಗಿಯೇ ನಡೆಸಿ ನೋಡು. ಮರಿ ಬರುವುದು ನವರಾತ್ರಿ ಕಳೆದ ಮೇಲೆ. ಅಂಗಡಿಯವರು ಮರಿಯನ್ನು ಮೊದಲು ಕೊಟ್ಟು, ಬಿಸಿಗೆ, ಬೆಳಕಿಗೆ ಬೇಕಾದ್ದನ್ನು ಆಮೇಲೆ ತೆಗೆದುಕೊಳ್ಳಿ ಎನ್ನುತ್ತಾರೆ. ಕೈಗೆ ಬಂದ ಮರಿ ಮೊದಲ ಕೆಲವು ತಿಂಗಳಲ್ಲೇ ಹೋಗುವುದಕ್ಕೆ ಹೆಚ್ಚಾಗಿ ಇದೇ ಕಾರಣ.

ಯಾವ ಆಮೆ ಎಂಬುದು ಮೊದಲು ತೀರ್ಮಾನವಾಗಲಿ. ನಕ್ಷತ್ರ ಆಮೆಯ ಹೆಸರನ್ನೇ ಎತ್ತಬೇಡ. 2022ರ ತಿದ್ದುಪಡಿಯ ನಂತರ ಅದು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ; ಮನೆಯಲ್ಲಿಟ್ಟುಕೊಂಡರೆ ಜೈಲು. ಯಾರೋ ಪರಿಚಯದವರು ಪೆಟ್ಟಿಗೆಯಲ್ಲಿ ಹಾಕಿ ಕೊಡುತ್ತೇನೆಂದರೂ, ವಾಸ್ತುವಿಗೆ ಒಳ್ಳೆಯದೆಂದರೂ ಬೇಡ. ತೋಟದಲ್ಲಿ, ತೋಡಿನಲ್ಲಿ ಸಿಕ್ಕಿದ ನಮ್ಮೂರಿನ ಆಮೆಯೂ ಹಾಗೆಯೇ, ಇದ್ದಲ್ಲೇ ಇರಲಿ. ಕೆನ್ನೆಯ ಮೇಲೆ ಕೆಂಪು ಪಟ್ಟಿ ಇರುವ, ಗಾಜಿನ ತೊಟ್ಟಿಯಲ್ಲಿ ಮಾರುವ ಸ್ಲೈಡರ್ ಇದೆಯಲ್ಲ, ಅದು ನೀರಾಮೆ, ಅಮೆರಿಕದ್ದು. ತಟ್ಟೆಯಷ್ಟು ದೊಡ್ಡದಾದಾಗ ಸಾಕಿ ಬೇಸತ್ತವರು ಅದನ್ನು ಹೊಳೆಗೆ ಬಿಡುತ್ತಾರೆ. ನಮ್ಮ ಚಂದ್ರಗಿರಿ ಹೊಳೆಯ ಮರಳಿನಲ್ಲಿ ಕ್ಯಾಂಟರ್ ದೈತ್ಯ ಮೃದುಚಿಪ್ಪಿನ ಆಮೆ ಇನ್ನೂ ಮೊಟ್ಟೆಯಿಡುತ್ತಿದೆ. ಅಂಥ ಹೊಳೆಗೆ ಪರದೇಶದ ಆಮೆ ಸೇರಿದರೆ ಆಹಾರಕ್ಕೂ ಜಾಗಕ್ಕೂ ಪೈಪೋಟಿ, ಜೊತೆಗೆ ಹೊಸ ರೋಗ. ಆದ್ದರಿಂದ ಅದೂ ಬೇಡ.

ನೀನು ಬರೆದ ಸಲ್ಕಾಟಾ, ರೆಡ್ ಫುಟ್ ಎಂಬ ಎರಡು ನೆಲದಾಮೆಗಳಲ್ಲಿ ಸಲ್ಕಾಟಾ ಬಿಡು. ಅದು ಸಹಾರದ ಅಂಚಿನ ಒಣ ನೆಲದ್ದು, ಬೆಳೆದರೆ 40 ಕಿಲೋ ದಾಟುತ್ತದೆ, ನೆಲ ಅಗೆದು ಆಳವಾದ ಬಿಲ ಮಾಡುತ್ತದೆ. ವರ್ಷಕ್ಕೆ 3000 ಮಿಲಿಮೀಟರ್‌ಗಿಂತ ಹೆಚ್ಚು ಮಳೆ ಸುರಿಯುವ ನಮ್ಮ ಜಂಬಿಟ್ಟಿಗೆ ನೆಲದಲ್ಲಿ ದೊಡ್ಡದಾದ ಮೇಲೆ ಅದನ್ನು ಎಲ್ಲಿ ಇಡುತ್ತಿ? ಕೆಂಪುಕಾಲಿನ ಆಮೆ, ಅಂದರೆ ರೆಡ್ ಫುಟ್, ದಕ್ಷಿಣ ಅಮೆರಿಕದ ಕಾಡಂಚಿನದು. ತೇವದ ಹವೆ ಅದಕ್ಕೆ ಹಿತ, ಬೆಳೆದರೂ ಹೆಚ್ಚುಕಡಿಮೆ ಒಂದಡಿ. ಆದರೆ 50 ವರ್ಷ ಬದುಕಬಲ್ಲುದು, ಇದನ್ನು ನಿನ್ನ ಅಪ್ಪ ಅಮ್ಮನ ಹತ್ತಿರವೂ ಹೇಳು. ಕಾಗದಪತ್ರ ಇಲ್ಲದ ಮರಿ ತೆಗೆದುಕೊಳ್ಳಬೇಡ. ಇದು ಸೈಟಿಸ್, ಅಂದರೆ ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ಪ್ರಾಣಿ. 2024ರ ನಿಯಮದಂತೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ನೋಂದಣಿ ಆಗಬೇಕು. ಮಾರುವವನ ನೋಂದಣಿ ಸಂಖ್ಯೆ, ಬಿಲ್ಲು, ನಿನ್ನ ಹೆಸರಿಗೆ ವರ್ಗಾವಣೆ, ಈ ಮೂರೂ ಆಗದೆ ಹಣ ಕೊಡಬೇಡ. ಜೋಡಿ ಇರಲಿ ಎಂದು ಎರಡು ತರುವುದೂ ಬೇಡ. ಒಂದು ಮತ್ತೊಂದನ್ನು ತುಳಿದು, ಮೇವಿನಿಂದ ದೂಡಿ ಸೊರಗಿಸುತ್ತದೆ. ಕಚ್ಚಾಟ ಇಲ್ಲದ ಕಾರಣ ಅದು ನಮ್ಮ ಕಣ್ಣಿಗೆ ಬೀಳುವುದೂ ಇಲ್ಲ.

ಇನ್ನು ಪೆಟ್ಟಿಗೆ. ಒಂದು ಮರಿಗೆ 3 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ ಸಾಕು. ಎರಡು ವರ್ಷದೊಳಗೆ ದೊಡ್ಡದು ಬೇಕಾಗುತ್ತದೆ. ಮೇಲೂ ಮುಚ್ಚಿರಬೇಕು. ತೆರೆದ ತೊಟ್ಟಿಯಲ್ಲಿ ಬಿಸಿಯೂ ತೇವವೂ ನಿಲ್ಲುವುದಿಲ್ಲ. ಪ್ಲೈವುಡ್ ಬೇಡ, ನಮ್ಮ ಮಳೆಗಾಲದಲ್ಲಿ ಉಬ್ಬಿ ಬೂಸು ಹಿಡಿಯುತ್ತದೆ. ಅಡುಗೆಮನೆಯ ಕಪಾಟಿಗೆ ಹಾಕುವ ಮಲ್ಟಿವುಡ್‌ನಲ್ಲಿ ಮಾಡಿಸು, ಮೂಲೆಗಳಿಗೆ ಸಿಲಿಕಾನ್ ಹಚ್ಚಿಸು. ಅದರ ವಾಸನೆ ಪೂರ್ತಿ ಹೋಗಲು ಹದಿನೈದು ದಿನ ಬೇಕು. ಎದುರಿಗೆ ಜಾರುವ ಗಾಜು, ಅದರ ಕೆಳಗಿನ ನಾಲ್ಕು ಇಂಚಿಗೆ ಕಾಗದ ಅಂಟಿಸು. ಹೊರಗೆ ಕಂಡರೆ ಮರಿ ದಿನವಿಡೀ ಗಾಜನ್ನೇ ತಳ್ಳುತ್ತಿರುತ್ತದೆ. ಒಂದು ಬದಿಯಲ್ಲಿ ಕೆಳಗೆ, ಇನ್ನೊಂದು ಬದಿಯಲ್ಲಿ ಮೇಲೆ ಗಾಳಿಗೆ ಸಣ್ಣ ತೂತುಗಳು, ಅದಕ್ಕೆ ಸ್ಟೀಲ್ ಬಲೆ. ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು ಮೇಜಿನ ನಾಲ್ಕು ಕಾಲನ್ನೂ ನೀರಿನ ಬಟ್ಟಲಲ್ಲಿ ನಿಲ್ಲಿಸು. ನಿದ್ದೆಯಲ್ಲಿರುವ ಮರಿಯ ಕಣ್ಣಿಗೆ ಇರುವೆ ಮುತ್ತಿದರೆ ಬೆಳಗಾಗುವಷ್ಟರಲ್ಲಿ ಮುಗಿದಿರುತ್ತದೆ. ಇರುವೆ ಚಾಕ್, ಇರುವೆ ಹುಡಿ ಆ ಕೋಣೆಗೇ ಬರಬಾರದು.

ನೆಲಕ್ಕೆ ತೆಂಗಿನ ನಾರಿನ ಹುಡಿ, ಇಟ್ಟಿಗೆಯ ಹಾಗೆ ಒತ್ತಿದ್ದು ಸಿಗುತ್ತದೆ. 650 ಗ್ರಾಮಿನ ಒಂದು ಇಟ್ಟಿಗೆ ನೀರು ಕುಡಿದರೆ ಎಂಟು ಲೀಟರಿನಷ್ಟು ಆಗುತ್ತದೆ. ನಿನ್ನ ಪೆಟ್ಟಿಗೆಗೆ 6 ಸೆಂಟಿಮೀಟರ್ ಹರಡಲು ಮೂರು ಬೇಕು. ಹುಡಿಯಲ್ಲಿ ಉಪ್ಪಿರುತ್ತದೆ, ಬಟ್ಟೆಯಲ್ಲಿ ಕಟ್ಟಿ ಮೂರು ಸಲ ನೀರು ಬದಲಿಸಿ ಹಿಂಡು. ಮರಳು, ಮರದ ಹೊಟ್ಟು, ಪತ್ರಿಕೆ ಯಾವುದೂ ಬೇಡ. ಮರಳು ತಿಂದರೆ ಕರುಳು ಕಟ್ಟುತ್ತದೆ, ಕಾಗದದ ಮೇಲೆ ಕಾಲು ಜಾರಿ ಜಾರಿ ಓರೆಯಾಗುತ್ತದೆ. ಅಡಗಲು ಎರಡು ಜಾಗ ಇರಲಿ, ಬಿಸಿಯ ಕಡೆ ಒಂದು, ತಂಪಿನ ಕಡೆ ಒಂದು. ಇದಕ್ಕೆ ದುಡ್ಡು ಖರ್ಚು ಮಾಡಬೇಡ. ಅಂಚು ಉಜ್ಜಿ, ಬಾಗಿಲು ಕೊರೆದ ದೊಡ್ಡ ಗೆರಟೆ ಈಗ ಸಾಕು. ಆಮೇಲೆ ಅಡಿಕೆ ಹಾಳೆಯನ್ನು ಬಗ್ಗಿಸಿ ಇಡು, ಬೂಸು ಬಂದಾಗ ಬದಲಿಸು. ನೀರಿಗೆ ಹೂಕುಂಡದ ಅಡಿಯ ಮಣ್ಣಿನ ತಟ್ಟೆ, ನೀರು ಒಂದು ಸೆಂಟಿಮೀಟರ್ ಆಳ. ಆಮೆ ಎಂದ ಕೂಡಲೇ ಬಂದವರೆಲ್ಲ ಬಕೆಟಿಗೋ ಬಾವಿಗೋ ಬಿಟ್ಟು ನೋಡೋಣ ಎನ್ನುತ್ತಾರೆ. ಇದು ನೆಲದ ಆಮೆ, ಆಳದ ನೀರಿನಲ್ಲಿ ಮುಳುಗಿ ಸಾಯುತ್ತದೆ. ಮನೆಯ ಮಕ್ಕಳಿಗೆ ಮೊದಲೇ ಹೇಳಿಡು.

ಬಿಸಿಗೆ 60 ವಾಟಿನ ಸೆರಾಮಿಕ್ ಹೀಟರ್, ಬೆಳಕು ಕೊಡದ ಜಾತಿಯದು. ಅದನ್ನು ಪಿಂಗಾಣಿ ಹೋಲ್ಡರಿಗೇ ಹಾಕಬೇಕು, ಪ್ಲಾಸ್ಟಿಕ್ ಹೋಲ್ಡರ್ ಕರಗುತ್ತದೆ. ಸುತ್ತ ತಂತಿಯ ಗೂಡು. ಬಿಸಿ ಹೆಚ್ಚಿದರೆ ತಾನೇ ಆರಿಸುವ ಥರ್ಮೋಸ್ಟಾಟ್ ಇಲ್ಲದೆ ಅದನ್ನು ಒಂದು ರಾತ್ರಿಯೂ ಉರಿಸಬೇಡ. ಥರ್ಮೋಸ್ಟಾಟಿನ ತಂತಿಯ ತುದಿ ಗೋಡೆಯಲ್ಲಲ್ಲ, ಮರಿಯ ಬೆನ್ನಿನ ಎತ್ತರದಲ್ಲಿ ಇರಲಿ. ಹಗಲು 28ರಿಂದ 30 ಡಿಗ್ರಿ, ಬಿಸಿಯ ಮೂಲೆಯಲ್ಲಿ 32, ರಾತ್ರಿ 25ಕ್ಕೆ ಇಳಿಯಬಾರದು. ಏಪ್ರಿಲ್, ಮೇಯಲ್ಲಿ ಹೀಟರ್ ಬೇಡವೇ ಬೇಡ. ಆಗ ಪೆಟ್ಟಿಗೆ 35 ದಾಟದ ಹಾಗೆ ಕಾಯುವುದೇ ಕೆಲಸ. ಕೆಂಪು ಬಲ್ಬು, ಸಾಮಾನ್ಯ ಬಲ್ಬಿನಿಂದ ಬಿಸಿ ಮಾಡಿದರೆ ಬೆನ್ನಿನ ಚಿಪ್ಪು ಮೇಲಿನಿಂದ ಒಣಗುತ್ತದೆ.

ತೇವದ ವಿಷಯ ಸ್ವಲ್ಪ ನಿಧಾನವಾಗಿ ಓದು. ಕಾಸರಗೋಡಿನ ಹವೆಯೇ ಒದ್ದೆ, ಬೇರೆ ಏನೂ ಬೇಡ ಎಂದು ಬಿಡುವವರು ಹೆಚ್ಚು. ಹೊರಗೆ ಎಷ್ಟೇ ತೇವ ಇದ್ದರೂ ಹೀಟರ್ ಉರಿದ ಪೆಟ್ಟಿಗೆಯ ಒಳಗೆ ಅದು ಇಳಿಯುತ್ತದೆ, ಮಾಘದ ಒಣ ಗಾಳಿಯಲ್ಲಿ 50 ಶೇಕಡಾಕ್ಕೂ ಇಳಿದೀತು. ಮರಿಗೆ ಬೇಕಾದ್ದು 80. ತೇವ ಸಾಲದಿದ್ದರೆ ಹೊಸದಾಗಿ ಬೆಳೆಯುವ ಚಿಪ್ಪು ಮಟ್ಟಸವಾಗಿ ಹರಡದೆ ಒಂದೊಂದು ಫಲಕವೂ ಗೋಪುರದಂತೆ ಏಳುತ್ತದೆ, ಮತ್ತೆ ಸರಿಯಾಗುವುದಿಲ್ಲ. ಇದಕ್ಕೆ ಮೇವಿನ ಪ್ರೋಟೀನೇ ಕಾರಣ ಎಂದು ಮೊದಲು ನಂಬಿದ್ದರು. 2003ರಲ್ಲಿ ಪ್ರಕಟವಾದ, ಸಲ್ಕಾಟಾ ಮರಿಗಳ ಮೇಲೆ ನಡೆಸಿದ ಅಧ್ಯಯನದಲ್ಲಿ ಪ್ರೋಟೀನಿಗಿಂತ ಗಾಳಿಯ ಒಣತನವೇ ದೊಡ್ಡ ಕಾರಣ ಎಂದು ಕಂಡಿತು. ಆದರೆ ತೇವ ಎಂದು ನೀರು ಚಿಮುಕಿಸುತ್ತ ಕೂರಬೇಡ. ಮೇಲೆ ಮೇಲೆ ಒದ್ದೆಯಾದರೆ ಹೊಟ್ಟೆಯ ಚಿಪ್ಪು ಕೊಳೆಯುತ್ತದೆ. ನಾರಿನ ಹುಡಿಯ ನಾಲ್ಕು ಮೂಲೆಗೆ ಒಂದೊಂದು ಲೋಟ ನೀರು ಹೊಯ್ಯಿ. ಅಡಿ ತೇವವಾಗಿ ಮೇಲ್ಪದರ ಒಣಗಿರಬೇಕು. ಇನ್ನೊಂದು ಮಾತು: ಬೆಚ್ಚಗಿನ ತೇವದಿಂದ ಕೇಡಿಲ್ಲ, ತಣ್ಣನೆಯ ತೇವ ಶ್ವಾಸಕೋಶಕ್ಕೆ ಇಳಿಯುತ್ತದೆ. ಆಟಿಯಲ್ಲಿ ರಾತ್ರಿಯಿಡೀ ಕರೆಂಟು ಹೋದಾಗ ಆಗುವುದು ಅದೇ. ಹೀಟರನ್ನು ಇನ್ವರ್ಟರಿಗೆ ಕೊಡು. ಅದೂ ಮುಗಿದರೆ ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಒಂದು ಮೂಲೆಯಲ್ಲಿಟ್ಟು ಪೆಟ್ಟಿಗೆಗೆ ಕಂಬಳಿ ಹೊದೆಸು, ಗಾಳಿಯ ತೂತು ಮುಚ್ಚದ ಹಾಗೆ.

ಅದಕ್ಕೇ ಆಟಿಯಲ್ಲಿ ಖಾಲಿ ಪೆಟ್ಟಿಗೆ ನಡೆಸಲು ಹೇಳಿದ್ದು. ಎರಡು ಡಿಜಿಟಲ್ ಮಾಪಕ ಇಡು, ಬಿಸಿಯ ಕಡೆ ಒಂದು, ತಂಪಿನ ಕಡೆ ಒಂದು. ಬೆಳಗ್ಗೆ ಆರು, ಮಧ್ಯಾಹ್ನ ಎರಡು, ರಾತ್ರಿ ಹತ್ತಕ್ಕೆ ಉಷ್ಣಾಂಶ, ತೇವಾಂಶ ಬರೆದಿಡು. ಕರೆಂಟು ಹೋದ ರಾತ್ರಿ ಎಷ್ಟು ಗಂಟೆಗೆ ಎಷ್ಟು ಇಳಿಯಿತು ಎಂಬುದನ್ನು ಮುಖ್ಯವಾಗಿ ನೋಡು. ಅಂಕಿ ಸರಿಬರದಿದ್ದರೆ ತೂತು ಮುಚ್ಚುವುದು, ಹೀಟರ್ ಸರಿಸುವುದು ಎಲ್ಲ ಆಗಲೇ ಮುಗಿಸಬಹುದು. ಒಳಗೆ ಮರಿ ಇರುವಾಗ ಆ ಪ್ರಯೋಗ ಮಾಡುವ ಹಾಗಿಲ್ಲ.

ಬೆಳಕಿಗೆ ಟಿ5 ಯುವಿಬಿ ಟ್ಯೂಬು, ಅಂದರೆ ಬಿಸಿಲಿನಲ್ಲಿರುವ ನೇರಳಾತೀತ ಕಿರಣ ಕೊಡುವ ಸಪೂರದ ಟ್ಯೂಬು, 5 ಅಥವಾ 6 ಶೇಕಡಾದ್ದು, ಚಿಪ್ಪಿನಿಂದ ಒಂದಡಿಗಿಂತ ತುಸು ಮೇಲೆ, ದಿನಕ್ಕೆ 12 ಗಂಟೆ. ವರ್ಷಕ್ಕೊಮ್ಮೆ ಬದಲಿಸು, ಉರಿಯುತ್ತಿದ್ದರೂ ಯುವಿಬಿ ಕುಂದಿರುತ್ತದೆ. ಬಿಸಿಲಿದ್ದರೆ ಬೆಳಗ್ಗೆ ಒಂಬತ್ತರೊಳಗೆ ಕಾಲು ಗಂಟೆ ಅಂಗಳದಲ್ಲಿ ಬಿಡು, ಅರ್ಧ ಜಾಗಕ್ಕೆ ನೆರಳಿರಲಿ, ಮೇಲೆ ಬಲೆ ಇರಲಿ. ಕಾಗೆಗೆ, ಮುಂಗುಸಿಗೆ ಅದು ಒಂದು ತುತ್ತು. ಕಿಟಕಿಯ ಗಾಜಿನ ಮೂಲಕ ಬರುವ ಬಿಸಿಲಿನಲ್ಲಿ ಯುವಿಬಿ ಇರುವುದಿಲ್ಲ. ಗಾಜಿನ ತೊಟ್ಟಿಯಲ್ಲಿಟ್ಟು ಬಿಸಿಲಿಗಿಟ್ಟರೆ ಕೆಲವೇ ನಿಮಿಷದಲ್ಲಿ ಬೆಂದುಹೋಗುತ್ತದೆ.

ಮೇವಿಗೆ ನಿನಗೆ ಪೇಟೆಗೆ ಹೋಗುವ ಕೆಲಸವಿಲ್ಲ. ದಾಸವಾಳದ ಎಲೆ ಮತ್ತು ಹೂ, ತಿಮರೆ (ಒಂದೆಲಗ), ನುಗ್ಗೆಸೊಪ್ಪು, ಗೆಣಸಿನ ಬಳ್ಳಿಯ ಎಲೆ, ಚೀನಿಕಾಯಿಯ (ಸಿಹಿಗುಂಬಳದ) ಎಲೆ ಮತ್ತು ಹೂ, ಹಿಪ್ಪುನೇರಳೆ ಎಲೆ, ಎಲ್ಲ ಹಿತ್ತಲಲ್ಲೇ ಇದೆ. ದಿನಕ್ಕೆ ಅದರ ಚಿಪ್ಪಿನಷ್ಟು ಗಾತ್ರದ ರಾಶಿ, ಸಣ್ಣಗೆ ಹೆಚ್ಚಿದ್ದು. ಬಸಳೆ, ಹರಿವೆ, ಪಾಲಕ್ ಅಪರೂಪಕ್ಕೆ ಮಾತ್ರ. ಅವುಗಳಲ್ಲಿರುವ ಆಕ್ಸಲೇಟ್ ಎಂಬ ಅಂಶ ಸುಣ್ಣದ ಅಂಶವನ್ನು ಮೈಗೆ ಹತ್ತದಂತೆ ಕಟ್ಟಿಹಾಕುತ್ತದೆ. ಕೆಸುವಿನ ಎಲೆ ಹಸಿಯಾಗಿ ಕೊಟ್ಟರೆ ಬಾಯಿ ಗಂಟಲು ಊದುತ್ತದೆ. ಕಣಗಿಲೆ, ಕ್ರೋಟನ್ ಗಿಡಗಳ ಹತ್ತಿರ ಸುಳಿಯಲೂ ಬಿಡಬೇಡ. ಕೆಂಪುಕಾಲಿನ ಆಮೆ ಹಣ್ಣು ತಿನ್ನುವ ಜಾತಿ, ಆದ್ದರಿಂದ ವಾರಕ್ಕೆರಡು ಸಲ ಪಪ್ಪಾಯಿಯ ಒಂದು ಚೂರು. ವಾರಕ್ಕೊಮ್ಮೆ ಒಂದು ಎರೆಹುಳು, ಇಲ್ಲವೇ ಕಡಲೆಕಾಳಿನಷ್ಟು ಬೇಯಿಸಿದ ಮೊಟ್ಟೆ. ಅನ್ನ, ದೋಸೆ, ಬ್ರೆಡ್ಡು, ಹಾಲು ಬೇಡ. ಅನಂತಪುರ ಕೆರೆಯ ಬಬಿಯಾ ನೈವೇದ್ಯದ ಅನ್ನ ತಿನ್ನುತ್ತಿದ್ದ ಕಥೆಯನ್ನು ಅಜ್ಜಿ ಹೇಳಿಯೇ ಹೇಳುತ್ತಾರೆ. ಅದು ಮೊಸಳೆ, ಇದು ಆಮೆ ಎಂದು ನೀನೂ ಹೇಳು.

ಅಡಿಕೆ ತೋಟದ ಅಡಿಯ ಸೊಪ್ಪು ಮಳೆಗಾಲದಲ್ಲಿ ಕೊಯ್ಯಬೇಡ. ಕೊಳೆರೋಗಕ್ಕೆ ಹೊಡೆದ ಬೋರ್ಡೋ ದ್ರಾವಣದ ಮೈಲುತುತ್ತು ಎಲೆಯ ಮೇಲೆಯೇ ಉಳಿದಿರುತ್ತದೆ, ಇಷ್ಟು ಚಿಕ್ಕ ಜೀವಕ್ಕೆ ಅದು ಸ್ವಲ್ಪವೂ ಹೆಚ್ಚೇ. ಬಾವಿಕಟ್ಟೆಯ ಬಳಿ ನಾಲ್ಕು ಚಟ್ಟಿಯಲ್ಲಿ ತಿಮರೆ, ಗೆಣಸು ಬೇರೆಯೇ ನೆಡು. ಅದನ್ನೂ ಈಗಲೇ ನೆಟ್ಟರೆ ಮರಿ ಬರುವಾಗ ಚಿಗುರಿರುತ್ತದೆ.

ಚಿಪ್ಪು ಗಟ್ಟಿಯಾಗಲು ಕ್ಯಾಲ್ಸಿಯಂ ಕಾರ್ಬೊನೇಟ್ ಹುಡಿ, ಸೊಪ್ಪಿನ ಮೇಲೆ ಒಂದು ಚಿಟಿಕೆ, ವಾರಕ್ಕೆ ಮೂರು ಸಲ. ಕಡಲತೀರದಲ್ಲಿ ಸಿಗುವ ಬಿಳಿಯ ಸಮುದ್ರನೊರೆ (ಕಟ್ಲ್‌ಫಿಶ್‌ನ ಮೂಳೆ) ಆದೀತು. ನಾಲ್ಕು ದಿನ ನೀರು ಬದಲಿಸುತ್ತ ನೆನೆಸಿ, ಒಣಗಿಸಿ ಪೆಟ್ಟಿಗೆಯಲ್ಲಿಟ್ಟರೆ ಬೇಕಾದಾಗ ಕಚ್ಚುತ್ತದೆ. ಸುಣ್ಣವೇ ತಾನೇ ಎಂದು ಅಜ್ಜನ ಎಲೆಯಡಿಕೆಯ ಸುಣ್ಣ ಹಚ್ಚಬೇಡ, ಅದು ಬಾಯಿ ಸುಡುವ ಕ್ಷಾರ.

ಮರಿ ಆರಿಸುವಾಗ ಅವಸರ ಬೇಡ. ಮೊಟ್ಟೆಯೊಡೆದು ಎರಡು ಮೂರು ತಿಂಗಳಾಗಿ, ನಿನ್ನ ಕಣ್ಣೆದುರೇ ಸೊಪ್ಪು ತಿನ್ನುವುದನ್ನು ನೋಡಿ ತೆಗೆದುಕೋ. ಹೊಟ್ಟೆಯ ನಡುವೆ ಮೊಟ್ಟೆಯ ಹಳದಿಯ ಚೀಲ ಇದ್ದ ಗುರುತು ಪೂರ್ತಿ ಮುಚ್ಚಿರಬೇಕು, ಕಣ್ಣು ತೆರೆದು ಹೊಳೆಯುತ್ತಿರಬೇಕು, ಮೂಗು ಒಣಗಿರಬೇಕು. ಹೊಟ್ಟೆಯ ಚಿಪ್ಪು ಈ ಪ್ರಾಯದಲ್ಲಿ ಸ್ವಲ್ಪ ಬಾಗಿದರೆ ಹೆದರಬೇಡ. ಗಂಡೋ ಹೆಣ್ಣೋ ಎಂದು ಈಗ ಯಾರಿಗೂ ಹೇಳಲಾಗದು. ಹೆಣ್ಣುಮರಿ ಎಂದು ಹೆಚ್ಚು ಹಣ ಕೇಳುವವನು ಸುಳ್ಳು ಹೇಳುತ್ತಾನೆ.

ತಂದ ಮೇಲೆ ದಿನಾ ಬೆಳಗ್ಗೆ 30 ಡಿಗ್ರಿಯ ಉಗುರುಬೆಚ್ಚಗಿನ ನೀರಿನಲ್ಲಿ ಕಾಲು ಗಂಟೆ ಕೂರಿಸು, ನೀರು ಗಲ್ಲದ ಕೆಳಗೇ ಇರಲಿ, ಬಿಟ್ಟು ಹೋಗಬೇಡ. ಅದು ನೀರು ಕುಡಿಯುವುದು, ವಿಸರ್ಜಿಸುವುದು ಹೆಚ್ಚಾಗಿ ಆಗಲೇ. ಬಿಳಿಯ ಮೆತ್ತನೆಯ ಅಂಟು ಬಂದರೆ ಸರಿ, ಮರಳಿನ ಹಾಗೆ ಗಟ್ಟಿ ಬಂದರೆ ನೀರು ಸಾಲದು ಎಂದರ್ಥ. ಮುಗಿದ ಮೇಲೆ ಸಾಬೂನಿನಲ್ಲಿ ಕೈ ತೊಳೆ. ಆಮೆಯ ಮೈಯಲ್ಲಿ ಸಾಲ್ಮೊನೆಲ್ಲಾ ಎಂಬ, ಹೊಟ್ಟೆ ಕೆಡಿಸುವ ರೋಗಾಣು ಇರಬಹುದು, ಆ ಪಾತ್ರೆ ಅಡುಗೆಮನೆಗೆ ಹೋಗಬಾರದು. ವಾರಕ್ಕೊಮ್ಮೆ ಗ್ರಾಮ್ ತೋರಿಸುವ ತಕ್ಕಡಿಯಲ್ಲಿ ತೂಗಿ ಬರೆ. ಎರಡು ವಾರ ಸತತ ಇಳಿದರೆ, ಮೂಗಿನಲ್ಲಿ ಗುಳ್ಳೆ ಬಂದರೆ, ಕುತ್ತಿಗೆ ಚಾಚಿ ಬಾಯಿ ತೆರೆದು ಉಸಿರಾಡಿದರೆ, ಕಣ್ಣು ಊದಿ ಮುಚ್ಚಿಕೊಂಡರೆ ನಾಳೆಗೆ ನೂಕಬೇಡ.

ಡಾಕ್ಟರನ್ನೂ ಈಗಲೇ ಹುಡುಕಿಡು. ನಮ್ಮ ಕಡೆಯ ಪಶುವೈದ್ಯರು ದನ, ನಾಯಿ ನೋಡಿ ಪಳಗಿದವರು. ಮಂಗಳೂರಿಗೆ ಫೋನ್ ಮಾಡಿ ಆಮೆ ನೋಡುವವರು ಯಾರೆಂದು ವಿಚಾರಿಸು. ಯಾರ ಹತ್ತಿರ ಹೋದರೂ ಐವರ್ಮೆಕ್ಟಿನ್ ಬೇಡ ಎಂದು ಮೊದಲೇ ಹೇಳು. ದನಕ್ಕೆ, ನಾಯಿಗೆ ಹುಳಕ್ಕೆಂದು ಕೊಡುವ ಆ ಔಷಧ ಆಮೆಗೆ ಪ್ರಾಣಾಂತಕ. ಚುಚ್ಚುಮದ್ದು ಬೇಕಾದರೆ ಮುಂಗಾಲಿಗೆ ಕೊಡಲಿ. ಹಿಂಗಾಲಿನ ರಕ್ತ ಮೊದಲು ಮೂತ್ರಪಿಂಡಕ್ಕೆ ಹೋಗುತ್ತದೆ.

ಆಟಿಯಲ್ಲಿ ಬರೆದಿಟ್ಟ ಅಂಕಿಗಳ ಪುಸ್ತಕವನ್ನು ಮರುತಿಂಗಳು ಸೋಣದಲ್ಲಿ ಇಲ್ಲಿಗೆ ಬರುವಾಗ ತಾ, ಒಟ್ಟಿಗೆ ಕೂತು ನೋಡುವ. ಮನೆಯಲ್ಲಿ ಎಲ್ಲರನ್ನೂ ಕೇಳಿದೆನೆಂದು ಹೇಳು.

ಇತಿ,
ದೊಡ್ಡಮ್ಮ