ಬಳೆಗಾರನಿಗೆ, ಹಸಿರು ಬಳೆಯ ವಿಚಾರವಾಗಿ

ಲೋ ಬಳೆಗಾರ,

ನೀನು ಎಲ್ಲರ ಮುಂದೆ ಹಾಕಿದ ಶ್ವಾಸಕೋಶದ ಮೈಕ್ರೋಸ್ಕೋಪ್ ಫೋಟೋ ನೋಡಿದೆ. ಪಲ್ಮನರಿ ಆರ್ಟರಿ (ಹೃದಯದಿಂದ ಶ್ವಾಸಕೋಶಕ್ಕೆ ರಕ್ತ ಒಯ್ಯುವ ನಾಳ) ಸುತ್ತ ಹಸಿರು ಬಳೆ ಎಷ್ಟು ಚೆಂದ ಬಂದಿದೆ ಅಂದರೆ, ಅದಕ್ಕೇ ನನಗೆ ಅನುಮಾನ. 'ಡಿ1 ರಿಸೆಪ್ಟರ್' (ಡೋಪಮಿನ್ ಹಿಡಿಯುವ ಪ್ರೋಟೀನ್) ಅಂತ ಬಾಣ ಬೇರೆ! ರಿಸೆಪ್ಟರ್ ಹುಡುಕಿ ಅಂಟಬೇಕಾದ ಪ್ರೈಮರಿ ಆಂಟಿಬಾಡಿ ಹಾಕದ ಸ್ಲೈಡನ್ನೂ ಅದೇ ಎಕ್ಸ್‌ಪೋಷರ್‌ನಲ್ಲಿ ನೋಡಿದ್ದೀಯಾ? ಎಲಾಸ್ಟಿನ್‌ಗೆ ಯಾರೂ ಬಣ್ಣ ಹಚ್ಚಬೇಕಿಲ್ಲ ಕಣೋ, ನಾಳದ ಗೋಡೆಯ ಆ ಹಿಗ್ಗುವ ಪ್ರೋಟೀನ್ ತಾನೇ ಹಸಿರಾಗಿ ಹೊಳೆಯುತ್ತೆ. ಈ ಆರ್ಟರಿಯ ಸ್ನಾಯುವಿಗೆ ಒಳಗೊಂದು ಹೊರಗೊಂದು ಎಲಾಸ್ಟಿಕ್ ಪದರ. ಬಳೆ ಜೋಡಿಯಾಗಿ, ಅಂಕುಡೊಂಕಾಗಿ ಕಂಡರೆ ಅದು ರಿಸೆಪ್ಟರ್ ಅಲ್ಲ, ನಾಳದ ಸ್ವಂತ ಒಡವೆ. ಪ್ರೈಮರಿಗೆ ಅಂಟಿ ಹೊಳೆಯುವ ಸೆಕೆಂಡರಿ ಆಂಟಿಬಾಡಿಯನ್ನು ಕಡುಗೆಂಪು ಬಣ್ಣದ 647ಕ್ಕೆ ಬದಲಿಸು, ಅಲ್ಲಿ ಈ ಗಲಾಟೆ ಕಡಿಮೆ.

ಆಂಟಿಬಾಡಿ ತಯಾರಿಸಲು ಬಳಸಿದ ಪೆಪ್ಟೈಡ್ (ಪ್ರೋಟೀನ್ ತುಣುಕು) ಹಾಕಿದಾಗ ಬಣ್ಣ ಹೋಯಿತು, ಅದೇ ಪುರಾವೆ ಅನ್ನಬೇಡ. ಪೆಪ್ಟೈಡ್ ಆಂಟಿಬಾಡಿಯ ಬಾಯಿ ಕಟ್ಟುತ್ತೆ ಅಷ್ಟೆ. ಅದು ತಪ್ಪು ಪ್ರೋಟೀನಿಗೆ ಅಂಟುತ್ತಿದ್ದರೂ ಬಣ್ಣ ಹೋಗುತ್ತೆ. ಈ ಜಾತಿಯ ರಿಸೆಪ್ಟರ್‌ಗಳಿಗೆ ಮಾರುವ ಆಂಟಿಬಾಡಿಗಳಲ್ಲಿ ಎಷ್ಟೋ, ರಿಸೆಪ್ಟರೇ ಇಲ್ಲದ ನಾಕ್‌ಔಟ್ ಮೌಸ್‌ನಲ್ಲೂ ಬಣ್ಣ ಹಿಡಿದ ಕಥೆ 2009ರಲ್ಲೇ ಸಾಲುಸಾಲು ಲೇಖನಗಳಾಗಿ ಬಂತು. ಡಿ1 ನಾಕ್‌ಔಟ್‌ನ ಒಂದು ಸೆಕ್ಷನ್ ಬೇಡಿ ತಂದಾದರೂ ಹಾಕು.

ಆಟೋರೇಡಿಯೋಗ್ರಫಿಗೆ (ವಿಕಿರಣ ಸೂಸುವ ಔಷಧ ಎಲ್ಲಿ ಅಂಟಿತು ಅಂತ ಫಿಲ್ಮ್ ಮೇಲೆ ನೋಡುವ ವಿಧಾನ) ಹೋಗ್ತೀಯಾದರೆ ಮೊದಲು ಶ್ವಾಸಕೋಶ ಉಬ್ಬಲಿ. ಓಸಿಟಿಗೆ (ಟಿಶ್ಯೂ ಹೆಪ್ಪುಗಟ್ಟಿಸಿ ಕತ್ತರಿಸಲು ಬಳಸುವ ಮಂದ ದ್ರವ) ಸಮಪಾಲು ಬಫರ್ ಬೆರೆಸಿ ಟ್ರೇಕಿಯಾದಿಂದ ಮೆಲ್ಲಗೆ ಬಿಡು. ಮೌಸ್‌ಗೆ ಹೆಚ್ಚುಕಡಿಮೆ 1 ಮಿಲಿ. ಅಂಚು ದುಂಡಗಾಯಿತೋ, ನಿಲ್ಲಿಸು. ತುಂಬಿಸದಿದ್ದರೆ ಎಲ್ಲ ಮುದ್ದೆ, ರಕ್ತನಾಳ ಯಾವುದು, ಗಾಳಿ ಹೋಗುವ ಬ್ರಾಂಕಸ್ ಯಾವುದು ಗೊತ್ತಾಗಲ್ಲ. 10 ಮೈಕ್ರಾನ್ ಸೆಕ್ಷನ್ ಸಾಕು. ಬ್ರಾಂಕಸ್ ಪಕ್ಕ ಅಂಟಿಕೊಂಡು ಓಡುವುದು ಆರ್ಟರಿ. ಒಂಟಿಯಾಗಿರುವುದು ವೇಯ್ನ್, ಮೌಸ್‌ನಲ್ಲಿ ಅದರ ಗೋಡೆಯಲ್ಲಿ ಹೃದಯದ ಸ್ನಾಯು ಶ್ವಾಸಕೋಶದ ಒಳಗಿನವರೆಗೂ ಬಂದಿರುತ್ತೆ, ಮೋಸ ಹೋಗಬೇಡ.

ಡಿ1ಗೆ ಅಂಟುವ, ವಿಕಿರಣ ಸೂಸುವ ಟ್ರಿಷಿಯಂ ಹಚ್ಚಿದ ಔಷಧ ಎಸ್‌ಸಿಎಚ್ 23390ಗೆ ಸಿರೊಟೋನಿನ್ 2 ರಿಸೆಪ್ಟರ್‌ಗಳ ಮೇಲೂ ಮೋಹ, ಈ ನಾಳದಲ್ಲಿ ಅವು ಧಾರಾಳ. ಹಾಗಾಗಿ ಅವುಗಳ ಬಾಯಿ ಮುಚ್ಚುವ 40 ನ್ಯಾನೋಮೋಲಾರ್ ಕೆಟಾನ್ಸೆರಿನ್ ಬೆರೆಸದೆ ಇನ್‌ಕ್ಯುಬೇಟ್ ಮಾಡಬೇಡ. ಐಸ್‌ನಂಥ ಬಫರ್‌ನಲ್ಲಿ ಎರಡು ಸಲ ಐದೈದು ನಿಮಿಷ ತೊಳೆ, ತಣ್ಣನೆ ಡಿಸ್ಟಿಲ್ಡ್ ನೀರಲ್ಲಿ ಒಮ್ಮೆ ಅದ್ದು, ತಣ್ಣನೆ ಗಾಳಿಗೆ ಒಣಗಿಸು. ಉಪ್ಪು ಉಳಿದರೆ ಫಿಲ್ಮ್ ಮೇಲೆ ಚುಕ್ಕಿ. ಟ್ರಿಷಿಯಂನ ಬೀಟಾ ಕಣ ಕೆಲವೇ ಮೈಕ್ರಾನ್ ಓಡುತ್ತೆ, ಹಾಗಾಗಿ ಮೇಲ್ಪದರವಿಲ್ಲದ ಫಿಲ್ಮೇ ಬೇಕು. ಆಮೇಲೆ ವಾರಗಟ್ಟಲೆ ತಾಳ್ಮೆ.

ಇಷ್ಟಾದರೂ ಡಿ1 ಮತ್ತು ಅದರ ಸೋದರ ರಿಸೆಪ್ಟರ್ ಡಿ5 ಬೇರೆ ಮಾಡಲಾಗದು. ಅವುಗಳ ಆರ್‌ಎನ್‌ಎ ಹುಡುಕಲು ಪಿಸಿಆರ್ ಮಾಡು, ಆದರೆ ಡಿಎನ್‌ಎ ಚೂರು ಮಾಡುವ ಡಿಎನ್‌ಏಸ್ ಹಾಕು. ಎರಡೂ ಜೀನ್‌ಗಳ ಕೋಡಿಂಗ್ ಭಾಗದಲ್ಲಿ ಇಂಟ್ರಾನ್ (ಆರ್‌ಎನ್‌ಎಯಿಂದ ಕತ್ತರಿಸಿ ಬಿಸಾಕುವ ತುಣುಕು) ಇಲ್ಲ; ಉಳಿದ ಡಿಎನ್‌ಎ ಚೂರೂ ಅದೇ ಅಳತೆಯ ಬ್ಯಾಂಡ್ ಕೊಡುತ್ತೆ. ಮನುಷ್ಯರ ಟಿಶ್ಯೂವಿನಲ್ಲಿ ಡಿ5ಗೆ ಎರಡು ಸೂಡೋಜೀನ್ (ಕೆಲಸಕ್ಕೆ ಬಾರದ ಜೀನ್) ತದ್ರೂಪಿಗಳೂ ಕಾಯುತ್ತಿರುತ್ತವೆ.

ಇಷ್ಟು ಗಂಟಲು ಹರಿದುಕೊಳ್ಳುತ್ತಿರುವುದು ನಿನ್ನ ಬಳೆಗಲ್ಲ. ನನ್ನ ಪೋಸ್ಟರ್‌ನ ಬಳೆಗೂ ನಾಕ್‌ಔಟ್ ಇರಲಿಲ್ಲ. ಪ್ರೈಮರಿ ಇಲ್ಲದ ಸ್ಲೈಡ್ ಮಂಕಾಗಿ ಹೊಳೆಯುತ್ತಿತ್ತು, ಅದರದ್ದೊಂದರ ಬ್ರೈಟ್‌ನೆಸ್ ಮಾತ್ರ ಇಳಿಸಿದೆ. ಸ್ಕ್ರೀನ್ ಮೇಲೆ ಒಂದೇ ಒಂದು ಎಳೆತ. ಯಾರೂ ಕೇಳಲಿಲ್ಲ, ಅದೇ ಚುಚ್ಚುತ್ತೆ.

ಇದನ್ನು ಬರೆಯಬೇಕು ಅಂದುಕೊಂಡಿರಲಿಲ್ಲ. ಮಿಕ್ಕವರು ಹಿಂದಿನ ಪ್ಯಾರಾ ಓದಿಲ್ಲ ಅಂದುಕೊಳ್ಳಿ. ನೀನು ಮಾತ್ರ ಆ ಖಾಲಿ ಸ್ಲೈಡ್ ಫೋಟೋ ಕಳಿಸು, ಇಬ್ಬರೂ ಕೂತು ಅಳೋಣ. ಉಪ್ಪಿಟ್ಟಿನ ದುಡ್ಡು ಇನ್ನೂ ನಿನ್ನ ಲೆಕ್ಕದಲ್ಲೇ ಇದೆ.

ನಿನ್ನ,
ಮೈಕ್ರಾನ್