ಉತ್ತರ ಬರೆಯುವುದೂ ಪಾಠವೇ: ಉನ್ನತ ಶಿಕ್ಷಣ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಉನ್ನತ ಶಿಕ್ಷಣ ಸಚಿವರೇ,

ನಮಸ್ಕಾರ. ನಾನು ಡಿಗ್ರಿ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುವ ಅಧ್ಯಾಪಕಿ. ಪ್ರತಿ ಸೆಮಿಸ್ಟರ್ ಮುಗಿಯುವಾಗ ನಮ್ಮ ಆನ್‌ಲೈನ್ ಕೋರ್ಸ್ ಪೋರ್ಟಲ್ ಬಗ್ಗೆ ಒಂದು ನಮೂನೆ ತುಂಬಿ ಕಳಿಸುತ್ತೇವೆ. ಎಷ್ಟು ಪಿಡಿಎಫ್ ಹಾಕಿದಿರಿ, ಎಷ್ಟು ವಿಡಿಯೊ ಹಾಕಿದಿರಿ, ಎಷ್ಟು ವಿದ್ಯಾರ್ಥಿಗಳು ಲಾಗಿನ್ ಆದರು, ಇಷ್ಟೇ ಅದರಲ್ಲಿ ಕೇಳುವುದು. ವಿದ್ಯಾರ್ಥಿಗಳು ಎಷ್ಟು ಪ್ರಶ್ನೆ ಕೇಳಿದರು, ಎಷ್ಟಕ್ಕೆ ಉತ್ತರ ಸಿಕ್ಕಿತು ಅನ್ನುವ ಕಾಲಂ ಇಲ್ಲ. ಆ ಒಂದು ಕಾಲಂ ಬಗ್ಗೆಯೇ ಈ ಪತ್ರ ಬರೆಯುತ್ತಿದ್ದೇನೆ.

ಮೊದಲು ಒಂದು ಘಟನೆ ಹೇಳುತ್ತೇನೆ. ಒಂದು ದಿನ ತರಗತಿಯಲ್ಲಿ ವೇರಿಯನ್ಸ್, ಅಂದರೆ ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಅನ್ನುವ ಅಳತೆಯ ಲೆಕ್ಕ ಮಾಡಿಸಿದೆ. ಕೊನೆಗೆ "ಅರ್ಥ ಆಯ್ತಾ?" ಅಂತ ಕೇಳಿದೆ. ಎಲ್ಲರೂ ತಲೆಯಾಡಿಸಿದರು. ಅದೇ ರಾತ್ರಿ ಹತ್ತೂವರೆಗೆ ಪೋರ್ಟಲ್‌ನ ಚರ್ಚೆ ವಿಭಾಗದಲ್ಲಿ ಒಂದು ಪ್ರಶ್ನೆ ಬಂತು. "ಮ್ಯಾಮ್, ಲೆಕ್ಕಕ್ಕೆ ತಗೊಂಡಿದ್ದು 10 ಅಂಕಿ. ಭಾಗಿಸುವಾಗ ಮಾತ್ರ 9ರಿಂದ ಯಾಕೆ ಭಾಗಿಸಬೇಕು?" ಕೇಳಿದವಳು ಕೊನೆಯ ಬೆಂಚಿನ ಹುಡುಗಿ. ಹಾಜರಿ ಕೂಗುವಾಗ ಬಿಟ್ಟರೆ ಅವಳ ದನಿಯನ್ನೇ ನಾನು ಕೇಳಿರಲಿಲ್ಲ. ಆ ಇಡೀ ಪಾಠದಲ್ಲಿ ಕೇಳಲೇಬೇಕಾದ ಪ್ರಶ್ನೆ ಇದ್ದದ್ದು ಅದೊಂದೇ.

ನಾನು ನೋಡುವ ಹೊತ್ತಿಗೆ ಇಬ್ಬರು ಸಹಪಾಠಿಗಳು ಉತ್ತರ ಬರೆದಿದ್ದರು. ಒಬ್ಬ, "ಪುಸ್ತಕದಲ್ಲಿ ಹಾಗೇ ಇದೆ" ಅಂದಿದ್ದ. ಇನ್ನೊಬ್ಬ ಸ್ವಲ್ಪ ಯೋಚಿಸಿದ್ದ. "ಸರಾಸರಿ ಗೊತ್ತಿದ್ದರೆ 9 ಅಂಕಿ ಹೇಳಿದರೆ ಸಾಕು, ಹತ್ತನೆಯದು ತಾನಾಗಿ ಗೊತ್ತಾಗುತ್ತದೆ. ಅದಕ್ಕೇ ಇರಬೇಕು." ಸರಿಯಾಗಿಯೇ ಹಿಡಿದಿದ್ದ. ನಾನು ಇಷ್ಟು ಸೇರಿಸಿದೆ: ನಮ್ಮ ಕೈಯಲ್ಲಿರುವುದು ಸ್ಯಾಂಪಲ್ ಮಾತ್ರ, ಅಂದರೆ ಇಡೀ ಗುಂಪಿನಿಂದ ಆರಿಸಿಕೊಂಡ ಕೆಲವು ಅಂಕಿಗಳು. ಈ ಅಂಕಿಗಳಿಂದಲೇ ತೆಗೆದ ಸರಾಸರಿ ಈ ಅಂಕಿಗಳ ಕಡೆಗೇ ವಾಲಿರುತ್ತದೆ. ಹಾಗಾಗಿ 10ರಿಂದ ಭಾಗಿಸಿದರೆ ಚದುರುವಿಕೆ ಇರುವುದಕ್ಕಿಂತ ಕಡಿಮೆ ಕಾಣುತ್ತದೆ. 9ರಿಂದ ಭಾಗಿಸಿ ಅದನ್ನು ಸರಿ ಮಾಡುತ್ತೇವೆ. ಮರುದಿನ ತರಗತಿ ಶುರುವಾದದ್ದೇ ಅಲ್ಲಿಂದ. ತಲೆಯಾಡಿಸಿದ್ದವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನರಿಗೆ ಅದೇ ಅನುಮಾನ ಇತ್ತು ಅಂತ ಆಗ ಗೊತ್ತಾಯಿತು.

ಆ ಹುಡುಗಿ ತರಗತಿಯಲ್ಲೇ ಯಾಕೆ ಕೇಳಲಿಲ್ಲ? ಅವಳ ನಾಚಿಕೆ ಒಂದೇ ಕಾರಣ ಅಲ್ಲ. ನಾವು ಕಾಯುವುದೇ ಇಲ್ಲ. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ತರಗತಿಗಳ ರೆಕಾರ್ಡಿಂಗ್ ಕೇಳಿ ಒಂದು ವಿಷಯ ಗುರುತಿಸಿದರು. ಶಿಕ್ಷಕರು ಪ್ರಶ್ನೆ ಕೇಳಿದ ಮೇಲೆ ಉತ್ತರಕ್ಕಾಗಿ ಕಾಯುವುದು ಸರಾಸರಿ ಸುಮಾರು 1 ಸೆಕೆಂಡ್. ಅದನ್ನು 3 ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರ ಉದ್ದವಾಯಿತು, ತಾವಾಗಿ ಮಾತಾಡುವವರು ಹೆಚ್ಚಾದರು, ಮಕ್ಕಳು ತಾವೇ ಪ್ರಶ್ನೆ ಕೇಳುವುದೂ ಹೆಚ್ಚಾಯಿತು. ಎರಡು ಸೆಕೆಂಡ್ ಜಾಸ್ತಿ ಕಾದದ್ದಕ್ಕೆ ಇಷ್ಟು ಬದಲಾವಣೆ. ಚರ್ಚೆ ವಿಭಾಗ ವಿದ್ಯಾರ್ಥಿಗೆ ಒಂದು ಇಡೀ ರಾತ್ರಿಯನ್ನೇ ಕೊಡುತ್ತದೆ. ಪಾಠವನ್ನು ಇನ್ನೊಮ್ಮೆ ಓದಬಹುದು, ಲೆಕ್ಕ ಮಾಡಿ ನೋಡಬಹುದು, ಪ್ರಶ್ನೆಯನ್ನು ಬರೆದು ಅಳಿಸಿ ಮತ್ತೆ ಬರೆಯಬಹುದು.

ಆದರೆ ಬಹಳಷ್ಟು ಕಡೆ ಪೋರ್ಟಲ್ ಅಂದರೆ ನೋಟಿಸ್ ಬೋರ್ಡ್ ಆಗಿಬಿಟ್ಟಿದೆ. ನಾವು ಮೇಲಿಂದ ಹಾಕುತ್ತೇವೆ, ಅವರು ಕೆಳಗೆ ನಿಂತು ಇಳಿಸಿಕೊಳ್ಳುತ್ತಾರೆ. ಇದು ಸಾಫ್ಟ್‌ವೇರ್‌ನ ದೋಷ ಅಲ್ಲ. ಕೋರ್ಸ್ ಪೋರ್ಟಲ್ ನಡೆಸಲು ಬಳಸುವ ಮೂಡಲ್ ಅನ್ನುವ ಸಾಫ್ಟ್‌ವೇರನ್ನೇ ನೋಡಿ. ಅದರ ಮೊದಲ ಆವೃತ್ತಿ ಬಂದದ್ದು 2002ರಲ್ಲಿ. ಅದನ್ನು ಕಟ್ಟಿದ ಮಾರ್ಟಿನ್ ಡೂಗಿಯಾಮಸ್ ಪಶ್ಚಿಮ ಆಸ್ಟ್ರೇಲಿಯಾದ ಮರುಭೂಮಿಯ ಒಂದು ಮೂಲೆಯಲ್ಲಿ ಬೆಳೆದವರು. ಹತ್ತಿರದಲ್ಲಿ ಶಾಲೆ ಇರಲಿಲ್ಲ. ಪಾಠ ರೇಡಿಯೊದಲ್ಲಿ ಬರುತ್ತಿತ್ತು. ಅಲ್ಲಿನ ರೇಡಿಯೊ ಶಾಲೆಯ ವಿಶೇಷ ಏನೆಂದರೆ, ಮಗು ಸುಮ್ನೆ ಕೇಳಿಸಿಕೊಂಡು ಕೂರಬೇಕಾಗಿರಲಿಲ್ಲ, ಶಿಕ್ಷಕರಿಗೆ ತಿರುಗಿ ಮಾತಾಡಬಹುದಿತ್ತು. ಮೂಡಲ್‌ನಲ್ಲಿ ಶುರುವಿನಿಂದಲೂ ಚರ್ಚೆಗೆ ದೊಡ್ಡ ಜಾಗ ಇರುವುದಕ್ಕೂ ಅದಕ್ಕೂ ಸಂಬಂಧ ಇದೆ ಅಂತ ನನಗೆ ಅನ್ನಿಸುತ್ತದೆ. ಆ ಜಾಗಕ್ಕೆ ಬೀಗ ಹಾಕಿ ಪಿಡಿಎಫ್ ತುಂಬಿಸುತ್ತಿರುವವರು ನಾವು.

ಮೂಡಲ್‌ನ ಚರ್ಚೆ ವಿಭಾಗದಲ್ಲಿ ನನಗೆ ತುಂಬ ಇಷ್ಟವಾದ ಒಂದು ಸೌಲಭ್ಯ ಇದೆ. ನಾನು ಒಂದು ಪ್ರಶ್ನೆ ಹಾಕುತ್ತೇನೆ. ವಿದ್ಯಾರ್ಥಿ ತನ್ನ ಉತ್ತರ ಬರೆಯುವ ತನಕ ಬೇರೆಯವರ ಉತ್ತರ ಅವನಿಗೆ ಕಾಣುವುದಿಲ್ಲ. ನಕಲು ತಪ್ಪಿಸುವುದು ಇದರ ಸಣ್ಣ ಲಾಭ. ದೊಡ್ಡ ಲಾಭ ಅಂದರೆ, ತಪ್ಪೋ ಸರಿಯೋ ಪ್ರತಿಯೊಬ್ಬರೂ ಒಮ್ಮೆ ಸ್ವಂತ ಮಾತಿನಲ್ಲಿ ಹೇಳಲೇಬೇಕು. ಬೆಳಿಗ್ಗೆ ನಾನು ಓದುವಾಗ ಯಾರು ಎಲ್ಲಿ ಎಡವಿದ್ದಾರೆ ಅಂತ ಕಾಣುತ್ತದೆ. ಪರೀಕ್ಷೆಯ ಪೇಪರ್ ತಿದ್ದುವಾಗ ಗೊತ್ತಾದರೆ ಏನು ಪ್ರಯೋಜನ? ಅಷ್ಟು ಹೊತ್ತಿಗೆ ಕಾಲ ಮಿಂಚಿರುತ್ತದೆ.

ಹೆಸರಿನ ವಿಷಯವೂ ಇದೆ. ಪಿಯಾಝಾ ಅನ್ನುವ ಪ್ರಶ್ನೋತ್ತರ ಸಾಧನವನ್ನು 2009ರಲ್ಲಿ ಶುರು ಮಾಡಿದವರು ಪೂಜಾ ಶಂಕರ್. ಐಐಟಿ ಕಾನ್ಪುರದಲ್ಲಿ ಕಂಪ್ಯೂಟರ್ ಸೈನ್ಸ್ ಓದುವಾಗ ಅವರ ತರಗತಿಯಲ್ಲಿ ಹುಡುಗಿಯರು ಬೆರಳೆಣಿಕೆಯಷ್ಟು. ಹುಡುಗರು ಗುಂಪು ಕೂಡಿ ಚರ್ಚೆ ಮಾಡುತ್ತಿದ್ದರು, ಇವರಿಗೆ ಕೇಳಲು ಸಂಕೋಚ. ಆ ಅನುಭವದಿಂದಲೇ ಅವರು ಹೆಸರು ತೋರಿಸದೆ ಪ್ರಶ್ನೆ ಕೇಳಬಹುದಾದ ಜಾಗ ಮಾಡಿದರು. ನಮ್ಮ ಪೋರ್ಟಲ್‌ನಲ್ಲಿ ಆ ಆಯ್ಕೆಯನ್ನು ಮುಚ್ಚಿಡಲಾಗಿದೆ. ಕೆಟ್ಟ ಮಾತು ಬರೆಯುತ್ತಾರೆ ಅನ್ನುವುದು ಭಯ. ಭಯ ಸುಳ್ಳಲ್ಲ. ಹೆಸರು ಸಹಪಾಠಿಗಳಿಗೆ ಕಾಣದೆ ಶಿಕ್ಷಕರಿಗೆ ಮಾತ್ರ ಕಾಣುವಂತೆ ಮಾಡಿದರೆ ಈ ಭಯಕ್ಕೂ ಪರಿಹಾರ ಸಿಗುತ್ತದೆ, ಅಲ್ವಾ?

ಈಗ ನಿಜವಾದ ಕಷ್ಟಕ್ಕೆ ಬರುತ್ತೇನೆ. ನನ್ನ ಬಳಿ 120 ವಿದ್ಯಾರ್ಥಿಗಳು ಇದ್ದಾರೆ ಅಂತ ಇಟ್ಟುಕೊಳ್ಳಿ. ಒಬ್ಬೊಬ್ಬರು ವಾರಕ್ಕೆ ಒಂದೇ ಪ್ರಶ್ನೆ ಕೇಳಿದರೂ, ಒಂದು ಉತ್ತರಕ್ಕೆ ಐದೇ ನಿಮಿಷ ಹಿಡಿದರೂ, ವಾರಕ್ಕೆ 10 ಗಂಟೆ ಆಗುತ್ತದೆ. ಈ 10 ಗಂಟೆ ನಮ್ಮ ಕೆಲಸದ ಲೆಕ್ಕದಲ್ಲಿ ಎಲ್ಲೂ ಇಲ್ಲ. ಕಪ್ಪು ಹಲಗೆಯ ಮುಂದೆ ನಿಂತರೆ ಮಾತ್ರ ಪಾಠ. ರಾತ್ರಿ ಕೂತು ಒಬ್ಬ ಹುಡುಗನ ತಪ್ಪು ಹೆಜ್ಜೆ ಹುಡುಕಿ ತೋರಿಸಿದರೆ ಅದು ಲೆಕ್ಕಕ್ಕೇ ಇಲ್ಲ. ಹೀಗಿರುವಾಗ ಪ್ರಶ್ನೆ ಕೇಳಿ ಅಂತ ಪ್ರೋತ್ಸಾಹಿಸುವ ಶಿಕ್ಷಕರು ತಮ್ಮ ಮನೆಯ ಹೊತ್ತನ್ನೇ ಕಳೆದುಕೊಳ್ಳುತ್ತಾರೆ. ಒಂದೆರಡು ಸೆಮಿಸ್ಟರ್ ಮಾಡುತ್ತಾರೆ, ಆಮೇಲೆ ದಣಿದು ಚರ್ಚೆ ವಿಭಾಗ ಮುಚ್ಚುತ್ತಾರೆ. ನಾನೂ ಒಮ್ಮೆ ಮುಚ್ಚಿದ್ದೆ. ಆ ಸೆಮಿಸ್ಟರ್ ನೆನೆದರೆ ಈಗಲೂ ಬೇಸರವಾಗುತ್ತದೆ.

ಯಂತ್ರದಿಂದ ಉತ್ತರ ಕೊಡಿಸಬಹುದು ಅಂತ ನಿಮಗೆ ಯಾರಾದರೂ ಸಲಹೆ ಕೊಡಬಹುದು. ಅದು ಹೊಸದೇನೂ ಅಲ್ಲ. 2016ರಲ್ಲಿ ಅಮೆರಿಕದ ಜಾರ್ಜಿಯಾ ಟೆಕ್ ವಿಶ್ವವಿದ್ಯಾಲಯದ ಪ್ರೊಫೆಸರ್ ಅಶೋಕ್ ಗೋಯಲ್ ತಮ್ಮ ಆನ್‌ಲೈನ್ ಕೋರ್ಸಿನಲ್ಲಿ ಜಿಲ್ ವಾಟ್ಸನ್ ಅನ್ನುವ ಸಹಾಯಕಿಯನ್ನು ಬಳಸಿದರು. ಅದು ಮನುಷ್ಯಳಲ್ಲ, ಪ್ರೋಗ್ರಾಂ. ಸುಮಾರು 300 ವಿದ್ಯಾರ್ಥಿಗಳ ಆ ಕೋರ್ಸಿನಲ್ಲಿ ಒಂದು ಸೆಮಿಸ್ಟರ್‌ಗೆ ಸುಮಾರು 10,000 ಸಂದೇಶ ಬರುತ್ತಿದ್ದವು. ಅಸೈನ್‌ಮೆಂಟ್ ಕೊನೆ ದಿನ ಯಾವಾಗ, ಯಾವ ಫೈಲ್ ಕಳಿಸಬೇಕು, ಈ ಬಗೆಯ ಮತ್ತೆ ಮತ್ತೆ ಬರುವ ಪ್ರಶ್ನೆಗಳಿಗೆ ಜಿಲ್ ಉತ್ತರ ಕೊಡುತ್ತಿತ್ತು. ಅಂಥದ್ದಕ್ಕೆ ಯಂತ್ರ ಇರಲಿ, ನನಗೆ ಸಂತೋಷವೇ. ಆದರೆ 9ರಿಂದ ಯಾಕೆ ಭಾಗಿಸಬೇಕು ಅಂತ ಕೇಳಿದ ಹುಡುಗಿಗೆ ಉತ್ತರದ ಜೊತೆ ಇನ್ನೊಂದೂ ಬೇಕಿತ್ತು. ತನ್ನ ಪ್ರಶ್ನೆ ಒಳ್ಳೆಯದು ಅಂತ ತನಗೆ ಪಾಠ ಮಾಡುವವರ ಬಾಯಿಂದ ಕೇಳಬೇಕಿತ್ತು. ಆಮೇಲೆ ಅವಳು ತರಗತಿಯಲ್ಲೂ ಕೈ ಎತ್ತಲು ಶುರು ಮಾಡಿದಳು.

ಪೋರ್ಟಲ್ ಮಾತಾಡದಿದ್ದಾಗ ಏನಾಗುತ್ತದೆ ಅನ್ನುವುದೂ ನಿಮಗೆ ಗೊತ್ತಿರಬೇಕು. ಎಲ್ಲವೂ ವಾಟ್ಸಾಪ್ ಗುಂಪಿಗೆ ಹೋಗುತ್ತದೆ. ಶಿಕ್ಷಕಿಯರ ಮೊಬೈಲ್ ನಂಬರ್, ವಿದ್ಯಾರ್ಥಿನಿಯರ ನಂಬರ್ ಎಲ್ಲರ ಕೈಗೂ ಸಿಗುತ್ತದೆ. ಪ್ರಶ್ನೆಗಳು ಶುಭಾಶಯಗಳ ನಡುವೆ ಕಳೆದುಹೋಗುತ್ತವೆ. ನಡುರಾತ್ರಿ ಕರೆ ಬರುತ್ತದೆ. ಈ ಕಾಟ ನಾನೂ ಅನುಭವಿಸಿದ್ದೇನೆ. ಕೋರ್ಸ್ ಪೋರ್ಟಲ್‌ನಲ್ಲಿ ಫೋನ್ ನಂಬರ್ ಯಾರಿಗೂ ಕಾಣಬೇಕಾಗಿಲ್ಲ. ಒಮ್ಮೆ ಬರೆದ ಉತ್ತರ ಮುಂದಿನ ವರ್ಷದ ಮಕ್ಕಳಿಗೂ ಸಿಗುತ್ತದೆ.

ನೆಟ್‌ವರ್ಕ್ ಸರಿ ಇಲ್ಲದವರನ್ನು ಮರೆಯಬೇಡಿ. ಎರಡು ಸಾಲಿನ ಪ್ರಶ್ನೆಗೆ ಹೆಚ್ಚು ಡೇಟಾ ಬೇಡ, ಒಂದು ಗಂಟೆಯ ವಿಡಿಯೊಗೆ ಬೇಕು. ನಾವು ವಿಡಿಯೊ ಎಣಿಸುತ್ತಾ ಕೂತರೆ ಹಿಂದೆ ಬೀಳುವವರು ಅವರೇ.

ನನ್ನ ಕೋರಿಕೆ ದೊಡ್ಡದಲ್ಲ. ಹೊಸ ಸಾಫ್ಟ್‌ವೇರ್ ಕೊಳ್ಳಬೇಡಿ, ಇರುವುದರಲ್ಲೇ ಚರ್ಚೆ ವಿಭಾಗವನ್ನು ಎಲ್ಲ ಕೋರ್ಸುಗಳಿಗೂ ತೆರೆಸಿ. ವಿದ್ಯಾರ್ಥಿಗಳಿಗೆ ಉತ್ತರ ಬರೆಯುವ ಸಮಯವನ್ನು ಬೋಧನೆಯ ಗಂಟೆಗಳಲ್ಲಿ ಸೇರಿಸಿ. ವಾರಕ್ಕೆ ಎರಡು ಗಂಟೆಯಿಂದಲೇ ಶುರುವಾಗಲಿ, ಪರವಾಗಿಲ್ಲ. ಎರಡು ಕೆಲಸದ ದಿನಗಳ ಒಳಗೆ ಉತ್ತರ ಸಿಗುತ್ತದೆ, ರಾತ್ರಿ ಮತ್ತು ರಜೆಯಲ್ಲಿ ಶಿಕ್ಷಕರು ಉತ್ತರಿಸಬೇಕಾಗಿಲ್ಲ ಅಂತ ಎರಡೂ ಕಡೆಯವರಿಗೂ ತಿಳಿಯುವಂತೆ ನಿಯಮ ಮಾಡಿ. ಸೆಮಿಸ್ಟರ್ ಕೊನೆಯ ನಮೂನೆಯಲ್ಲಿ ಆ ಒಂದು ಕಾಲಂ ಸೇರಿಸಿ. ಅದು ಬರೀ ಸಂಖ್ಯೆಯ ಕಾಲಂ ಆಗುವುದು ಬೇಡ. ಸಂಖ್ಯೆ ಕೇಳಿದರೆ "ಥ್ಯಾಂಕ್ಯೂ ಮ್ಯಾಮ್" ಅನ್ನುವ ನೂರು ಸಂದೇಶ ತೋರಿಸುವವರೂ ಬರುತ್ತಾರೆ. ಆ ಸೆಮಿಸ್ಟರ್‌ನಲ್ಲಿ ಬಂದ ಮೂರು ಪ್ರಶ್ನೆ, ಅದಕ್ಕೆ ಕೊಟ್ಟ ಉತ್ತರ, ಅದರಿಂದ ಪಾಠದಲ್ಲಿ ಏನು ಬದಲಾಯಿತು, ಇಷ್ಟು ಬರೆಯಲು ಹೇಳಿ.

ನಿಯಮ ಮಾಡುವ ಮುಂಚೆ ಒಂದು ಸಭೆ ಕರೆಯಿರಿ. ಅದರಲ್ಲಿ ಶಿಕ್ಷಕರಷ್ಟೇ ಅಲ್ಲ, ವಿದ್ಯಾರ್ಥಿಗಳೂ ಇರಲಿ. ತರಗತಿಯಲ್ಲಿ ಮಾತಾಡದೆ ಕೂರುವವರಿಗೂ ಅಲ್ಲಿ ಕುರ್ಚಿ ಇರಲಿ. ಎದ್ದು ಮಾತಾಡಲು ಆಗದಿದ್ದರೆ ಬರೆದು ಕೊಡಬಹುದು ಅಂತ ಮೊದಲೇ ಅವರಿಗೆ ತಿಳಿಸಿ.

ವಿಶ್ವಾಸದಿಂದ,
ಒಬ್ಬ ಸಂಖ್ಯಾಶಾಸ್ತ್ರ ಅಧ್ಯಾಪಕಿ