ಬೀಮ್ ಸ್ಟೀರಿಂಗ್ ಸ್ಪೀಕರ್‌ಗಳ ಆಯ್ಕೆಯ ಕುರಿತು

ಸದಸ್ಯರ ಗಮನಕ್ಕೆ,

ಸ್ಪೀಕರ್ ಪೆಟ್ಟಿಗೆಯನ್ನು ವಾಲಿಸದೆ, ಅದರೊಳಗೆ ಕಂಬದಂತೆ ಸಾಲಾಗಿ ಜೋಡಿಸಿದ ಪ್ರತಿ ಡ್ರೈವರ್‌ಗೂ (ಸದ್ದು ಹೊರಡಿಸುವ ಘಟಕಕ್ಕೂ) ಪ್ರತ್ಯೇಕ ಆಂಪ್ಲಿಫೈಯರ್ ಹಾಗೂ ಬೇರೆ ಬೇರೆ ವಿಳಂಬವನ್ನು ಕೊಟ್ಟು ಧ್ವನಿಯ ದಿಕ್ಕನ್ನು ಬದಲಿಸುವ ಸ್ಪೀಕರ್‌ಗಳನ್ನು ಕೊಳ್ಳುವ ಮುನ್ನ ಕೆಲವು ಸಂಗತಿಗಳನ್ನು ತೂಗಿ ನೋಡಬೇಕೆಂದು ಕೋರುತ್ತೇನೆ. ಅನುರಣನ (ಸದ್ದು ಗೋಡೆ, ಚಾವಣಿಗಳಿಗೆ ಬಡಿದು ಮೊಳಗುತ್ತಲೇ ಇರುವುದು) ಹೆಚ್ಚಿರುವ ಸಭಾಂಗಣದಲ್ಲಿ ಚಾವಣಿಗೆ ಬಡಿಯುವ ಸದ್ದನ್ನು ತಗ್ಗಿಸಿ, ಮಾತನ್ನು ಕೇಳುಗರತ್ತ ಕಳುಹಿಸುವಲ್ಲಿ ಇವುಗಳ ಉಪಯೋಗ ನಿಜವಾದದ್ದೇ.

ಆದರೆ ಡ್ರೈವರ್‌ಗಳ ಈ ಕಂಬದ ಉದ್ದವನ್ನು ಸಾಫ್ಟ್‌ವೇರ್ ಹಿಗ್ಗಿಸಲಾರದು. 100 ಹರ್ಟ್ಸ್ ಧ್ವನಿಯ ತರಂಗಾಂತರ ಸುಮಾರು 3.4 ಮೀಟರ್ ಇರುವುದರಿಂದ, ಅದಕ್ಕಿಂತ ಬಹಳ ಚಿಕ್ಕದಾದ, ಒಂದು ಮೀಟರ್ ಎತ್ತರದ ಕಂಬದಿಂದ ಹೊರಟ ಬಾಸ್ ಎಲ್ಲ ಕಡೆಗೂ ಹರಡಿಯೇ ಹರಡುತ್ತದೆ. ಮೇಲಿನ ಆವರ್ತನಗಳಲ್ಲಿ ತೊಂದರೆಯೇ ಬೇರೆ: ಡ್ರೈವರ್‌ಗಳ ನಡುವೆ 10 ಸೆಂಟಿಮೀಟರ್ ಅಂತರವಿದ್ದರೆ, ಸುಮಾರು 1,700 ಹರ್ಟ್ಸ್‌ನಲ್ಲಿ ಅದು ಅರ್ಧ ತರಂಗಾಂತರಕ್ಕೆ ಸಮನಾಗುತ್ತದೆ, ಅಲ್ಲಿಂದ ಮೇಲೆ ಬೀಮನ್ನು (ಒಂದು ದಿಕ್ಕಿಗೆ ಹೊರಟ ಧ್ವನಿಯ ಕಿರಣವನ್ನು) ಹೆಚ್ಚು ತಿರುಗಿಸಿದಷ್ಟೂ ಬೇಡದ ದಿಕ್ಕಿನಲ್ಲಿ ಇನ್ನೊಂದು ಬೀಮ್ ತಲೆಯೆತ್ತುತ್ತದೆ. ವೇದಿಕೆಯ ಮೇಲೆ ನಿಂತಾಗ ಚಾವಣಿಯ ಮೂಲೆಯಿಂದ ‘ಸ’, ‘ಶ’ ಅಕ್ಷರಗಳು ಮಾತ್ರ ಚುರುಕಾಗಿ ಮರಳಿ ಬರುತ್ತಿದ್ದರೆ ಮೊದಲು ಶಂಕಿಸಬೇಕಾದದ್ದು ಇದನ್ನೇ. (ದಿಕ್ಕನ್ನಲ್ಲ, ಆವರ್ತನಗಳ ಏರಿಳಿತವನ್ನಷ್ಟೇ ತಿದ್ದುವ ಈಕ್ವಲೈಜರ್ ಮುಟ್ಟಿ ಪ್ರಯೋಜನವಿಲ್ಲ.)

ಡ್ರೈವರ್‌ಗೊಂದರಂತೆ ಆಂಪ್ಲಿಫೈಯರ್ ಚಾನೆಲ್‌ಗಳು ಹೆಚ್ಚಿದಂತೆ ಖರ್ಚೂ ದುರಸ್ತಿಯೂ ಹೆಚ್ಚುತ್ತವೆ. ಬೀಮನ್ನು ರೂಪಿಸುವ ಉದ್ದನೆಯ ಡಿಜಿಟಲ್ ಫಿಲ್ಟರ್‌ಗಳು ಒಂದಿಷ್ಟು ಮಿಲಿಸೆಕೆಂಡುಗಳ ವಿಳಂಬವನ್ನೂ ಸೇರಿಸುತ್ತವೆ. ಸಾಧ್ಯವಿರುವಲ್ಲಿ ಪೆಟ್ಟಿಗೆಯನ್ನೇ ಸ್ವಲ್ಪ ವಾಲಿಸಿ ತೂಗುಹಾಕಿ, ಉಳಿದ ಕೆಲವು ಡಿಗ್ರಿಗಳ ತಿದ್ದುಪಡಿಗಷ್ಟೇ ಸ್ಟೀರಿಂಗ್ ಬಳಸುವುದು ಲೇಸೆಂದು ನನ್ನ ಅಭಿಪ್ರಾಯ.